ಕಿಟ್ ಕಾರಿಗೆ ಡಿಕ್ಕಿ ಕವರ್, ಹುಡ್ ಹಾಕಬೇಕು: ಎಡಗಡೆ ಬಟನ್ ಮುಟ್ಟುತ್ತಲೇ ಇಲ್ಲ!

ಕೊವೆಂಟ್ರಿ ಕಿಟ್ಟಿ:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಕಿಟ್ ಕಾರ್, ಅಂದರೆ ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸುವ ಕಾರ್, ಕಟ್ಟಿರುವ ನಮ್ಮವರು ಒಂದಿಬ್ಬರಾದರೂ ಇರುತ್ತೀರಿ ಅಂತ ಇಲ್ಲಿ ಕೇಳುತ್ತಿದ್ದೇನೆ. ನನ್ನದು ಲೋಟಸ್ ಸೆವೆನ್ ಮಾದರಿಯ, ಎರಡೇ ಸೀಟಿನ ತೆರೆದ ಗಾಡಿ. ಹಿಂದೆ ಅಲ್ಯೂಮಿನಿಯಂ ತಗಡು, ಮಡ್‌ಗಾರ್ಡ್ ಫೈಬರ್. ಹೀಗೆ ಕಟ್ಟಿದ ಗಾಡಿ ರಸ್ತೆಗಿಳಿಸಲು ಬೇಕಾದ ಐವಿಎ ಪರೀಕ್ಷೆ ಪಾಸಾಯಿತು, ನಂಬರ್ ಪ್ಲೇಟೂ ಬಂತು. ಓಡಿಸಲು ಏನೂ ತಕರಾರಿಲ್ಲ. ತಕರಾರೆಲ್ಲ ಮಳೆಯದ್ದು.

ಹುಡ್ (ತಲೆ ಮೇಲಿನ ಬಟ್ಟೆಯ ಟಾಪು), ಅದನ್ನು ಹೊರುವ ಎರಡು ಕಮಾನು ಕಂಬಿ, ಬಾಗಿಲ ಜಾಗಕ್ಕೆ ಎರಡು ಸೈಡ್ ಸ್ಕ್ರೀನ್, ಡಿಕ್ಕಿ ಕವರ್, ಜೊತೆಗೆ ಒಂದು ಚೀಲ ಟಿಚ್ ಬಟನ್ ಬಂದಿದೆ. ಎಲ್ಲ ಕಪ್ಪು ವಿನೈಲ್. ಹಾಕುವ ವಿಧಾನ ಅಂತ ಅರ್ಧ ಪುಟ ಕೊಟ್ಟಿದ್ದಾರೆ, ಅದರಲ್ಲೂ ಕಾಲು ಭಾಗ ಅವರ ವಿಳಾಸ. ಗ್ಯಾರೇಜಿನಲ್ಲಿ ಡಿಕ್ಕಿ ಕವರ್ ಹಾಸಿ ನೋಡಿದೆ. ಬಲಗಡೆ ಸರಿಯಾಗಿ ಅಂಚು ದಾಟಿ ಕೆಳಗೆ ಇಳಿಯುತ್ತದೆ. ಎಡಗಡೆ ಒಂದೂವರೆ ಇಂಚು ಗಿಡ್ಡ. ಹುಡ್ ಅಂತೂ ಮುಂದೆ ವಿಂಡ್‌ಸ್ಕ್ರೀನಿಗೆ ಹಿಡಿಸಿದರೆ ಹಿಂದೆ ತಲುಪುವುದಿಲ್ಲ, ಹಿಂದೆ ಹಿಡಿಸಿದರೆ ಮುಂದೆ ತಲುಪುವುದಿಲ್ಲ.

ಇನ್ನೂ ಒಂದೂ ತೂತು ಕೊರೆದಿಲ್ಲ. ಎಳೆದು ಕೂರಿಸಬೇಕಾ? ರಿವೆಟ್ಟಾ, ಸ್ಕ್ರೂನಾ? ಯಾವುದು ಮೊದಲು, ಯಾವುದು ಆಮೇಲೆ? ಮನೆಯವಳು "ಒಂದು ಛತ್ರಿ ತಗೊಂಡು ಹೋಗಿ, ಮುಗೀತು" ಅಂತಾಳೆ.

ಸ್ವಿಂಡನ್ ಸುಬ್ಬಣ್ಣ:
ತೂತು ಕೊರೆದಿಲ್ಲ ಅಂದ್ರಲ್ಲ, ಅರ್ಧ ಗೆದ್ದ ಹಾಗೆ. ಡ್ರಿಲ್ ಒಳಗೆ ಇಡಿ ಸ್ವಾಮಿ. ಮೊದಲು ಹೇಳಿ, ಗ್ಯಾರೇಜಿನಲ್ಲಿ ಚಳಿ ಎಷ್ಟಿತ್ತು? ವಿನೈಲ್ ಚಳಿಗೆ ಸೆಟೆದುಕೊಳ್ಳುತ್ತದೆ. ಅದೇ ಬಟ್ಟೆ ಬಿಸಿಲಿಗೆ ಒಂದು ಗಂಟೆ ಹಾಸಿದರೆ ಮಾತು ಕೇಳುತ್ತದೆ. ಬಿಸಿಲಿಲ್ಲದಿದ್ದರೆ ರಾತ್ರಿಯೆಲ್ಲ ಮನೆಯೊಳಗೆ ಬೆಚ್ಚಗೆ ಇಟ್ಟು, ಬೆಳಗ್ಗೆ ಹಾಕುವಾಗ ಹೇರ್ ಡ್ರೈಯರ್ ಹಿಡಿಯಿರಿ.

ಲೀಡ್ಸ್ ಲೋಕಿ:
ಮನೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಹಾಕಿಬಿಡಿ, ಹತ್ತು ನಿಮಿಷದಲ್ಲಿ ಸರಿಹೋಗುತ್ತೆ.

ಸ್ವಿಂಡನ್ ಸುಬ್ಬಣ್ಣ:
ಲೋಕಿ, ಡಿಕ್ಕಿ ಕವರ್ ಆದರೆ ಪರವಾಗಿಲ್ಲ. ಹುಡ್ ಹಾಕಬೇಡಪ್ಪ, ಅದರ ಹಿಂದೆ ಪ್ಲಾಸ್ಟಿಕ್ ಕಿಟಕಿ ಇದೆ. ಬಿಸಿ ಕಂಬಿಗೆ ತಾಗಿದರೆ ಅಲೆ ಅಲೆಯಾಗಿ ನಿಲ್ಲುತ್ತೆ, ಆಮೇಲೆ ಹಿಂದೆ ಬರುವ ಲಾರಿ ಎರಡೆರಡು ಕಾಣುತ್ತೆ.

ಮೂಡಿಗೆರೆ ಜೀಪು:
ಮಾರಾಯ್ರೆ, ಒಂದು ಅನುಮಾನ. ಡಿಕ್ಕಿಗೆ ಬಾಗಿಲೇ ಇಲ್ವಾ ಈ ಕಾರಿಗೆ? ಬಟ್ಟೆ ಮುಚ್ಚೋದಾ? ಇಷ್ಟು ದುಡ್ಡು ಕೊಟ್ಟು, ಕೈಯಾರೆ ಕಟ್ಟಿ, ಕೊನೆಗೆ ಡಿಕ್ಕಿಗೆ ಟಾರ್ಪಾಲ್!

ಕೊವೆಂಟ್ರಿ ಕಿಟ್ಟಿ:
ಇಲ್ಲ ಜೀಪಣ್ಣ. ಸೀಟಿನ ಹಿಂದೆ ತೆರೆದ ಪೆಟ್ಟಿಗೆ ಅಷ್ಟೇ. ಬಾಗಿಲೂ ಇಲ್ಲ, ಛಾವಣಿಯೂ ಇಲ್ಲ. ತೂಕ ಕಡಿಮೆ ಇರಬೇಕು ಅನ್ನೋದೇ ಈ ಕಾರಿನ ಧರ್ಮ. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ತಂದಾಗಿನಿಂದಲೂ ಹೀಗೇ. 1973ರಲ್ಲಿ ಕೇಟರ್‌ಹ್ಯಾಮ್‌ನವರು ಹಕ್ಕು ತಗೊಂಡು ಈಗಲೂ ಮಾಡ್ತಿದ್ದಾರೆ. ನನ್ನದು ಅವರದ್ದಲ್ಲ, ಅದೇ ಆಕಾರದ ಬೇರೆ ಕಿಟ್.

ಡರ್ಬಿ ಅಜ್ಜ:
ಅರ್ಧ ಪುಟದ ವಿಧಾನ ಅಂದಿರಲ್ಲ ಕಿಟ್ಟಿ, ಅದಕ್ಕೂ ಒಂದು ಇತಿಹಾಸ ಇದೆ. ಆ ಕಾಲದಲ್ಲಿ ಪೂರ್ತಿ ಕಾರ್ ಕೊಂಡರೆ ಪರ್ಚೇಸ್ ಟ್ಯಾಕ್ಸ್ ಕಟ್ಟಬೇಕಿತ್ತು, ಬಿಡಿಭಾಗ ಕೊಂಡು ನೀವೇ ಕಟ್ಟಿದರೆ ಇರಲಿಲ್ಲ. ಆದರೆ ಜೋಡಿಸುವ ಪುಸ್ತಕ ಕೊಡುವ ಹಾಗಿರಲಿಲ್ಲವಂತೆ. ಅದಕ್ಕೆ ಲೋಟಸ್‌ನವರು ಕಾರ್ ಬಿಚ್ಚುವ ವಿಧಾನ ಬರೆದು ಕೊಟ್ಟರು, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರು ಅಂತ ಹಳಬರು ಇಂದಿಗೂ ಹೇಳಿ ನಗುತ್ತಾರೆ. 1973ರಲ್ಲಿ ವ್ಯಾಟ್ ಬಂದ ಮೇಲೆ ಆ ಲಾಭ ಹೋಯಿತು.

ಈಗ ಕೆಲಸಕ್ಕೆ ಬರೋಣ. ಸಮಾಧಾನವಾಗಿ ಓದಿ.

ಮೊದಲು ನೋಡಬೇಕಾದ್ದು, ನಿಮ್ಮ ಕಿಟ್‌ನಲ್ಲಿ ಹುಡ್‌ಗೂ ಡಿಕ್ಕಿ ಕವರ್‌ಗೂ ಹಿಂದಿನ ತಗಡಿನ ಮೇಲೆ ಒಂದೇ ಸಾಲು ಬಟನ್ನಾ, ಬೇರೆ ಬೇರೆ ಸಾಲಾ? ಒಂದೇ ಸಾಲಾದರೆ ಹುಡ್ ನೋಡಿಕೊಂಡು ಗುರುತು ಹಾಕಿ. ಹುಡ್ ಬಿಗಿಯಾಗಿ ನಿಲ್ಲಬೇಕು, ಅದಕ್ಕೆ ಹಠ ಜಾಸ್ತಿ. ಡಿಕ್ಕಿ ಕವರ್ ಹೇಗೋ ಹೊಂದಿಕೊಳ್ಳುತ್ತದೆ. ಬಹಳ ಜನ ಸುಲಭ ಅಂತ ಡಿಕ್ಕಿ ಕವರ್ ಮೊದಲು ಬಡಿದು, ಆಮೇಲೆ ಹುಡ್ ತಲುಪದೆ ಅದೇ ತಗಡಿನಲ್ಲಿ ಎರಡನೇ ಸಾಲು ತೂತು ಕೊರೆಯುತ್ತಾರೆ.

ಕಮಾನು ಕಂಬಿ ಮೊದಲು ನಿಲ್ಲಿಸಿ. ಅದು ಎಷ್ಟು ಹಿಂದೆ ವಾಲುತ್ತದೆ ಅನ್ನೋದನ್ನು ಪಟ್ಟಿ ಕಟ್ಟಿ ಹಿಡಿದಿಡಬೇಕು. ಹುಡ್ ಮುಂದೆ ಹಿಂದೆ ತಲುಪದಿರುವುದಕ್ಕೆ ಅರ್ಧ ಕಾರಣ ಕಂಬಿ ಎತ್ತರಕ್ಕೆ ನಿಂತಿರುವುದೇ ಇರುತ್ತದೆ. ಕಂಬಿ ಒಂದು ಇಂಚು ಹಿಂದಕ್ಕೆ ವಾಲಿದರೆ ಎತ್ತರ ಇಳಿಯುತ್ತದೆ, ಬಟ್ಟೆ ಉಳಿಯುತ್ತದೆ.

ತಗಡಿನ ಅಂಚಿಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ. ವಿಂಡ್‌ಸ್ಕ್ರೀನ್ ನಡುವಿನಿಂದ ಹಿಂದಿನ ತಗಡಿನ ನಡುವಿಗೆ ದಾರ ಎಳೆದು ಮಧ್ಯ ಗುರುತು ಮಾಡಿ. ಬಟ್ಟೆಯ ಮಧ್ಯಕ್ಕೂ ಸೀಮೆಸುಣ್ಣದ ಗೆರೆ. ಮುಂದಿನ ಸಾಲು ಪೂರ್ತಿ ಹಾಕಿ, ಹಿಂದೆ ನಟ್ಟ ನಡುವೆ ಒಂದೇ ಬಟನ್. ಆಮೇಲೆ ಎಡಕ್ಕೊಂದು, ಬಲಕ್ಕೊಂದು, ಎಡಕ್ಕೊಂದು, ಬಲಕ್ಕೊಂದು. ಮೂಲೆ ಕೊನೆಗೆ. ಒಂದು ಕಡೆಯಿಂದ ಶುರುಮಾಡಿ ಇನ್ನೊಂದು ಕಡೆಗೆ ಹೋದರೆ ಸುಕ್ಕೆಲ್ಲ ಕೊನೆಯ ಮೂಲೆಗೆ ಹೋಗಿ ಸೇರುತ್ತದೆ.

ಲೀಡ್ಸ್ ಲೋಕಿ:
ಅಜ್ಜ, ಚೆನ್ನಾಗಿ ಹೇಳಿದ್ರಿ. ಆದರೆ ರಿವೆಟ್ ಬೇಡ, ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹಾಕಿ. ಜಾಗ ಸರಿಹೋಗಲಿಲ್ಲ ಅಂದ್ರೆ ಬಿಚ್ಚಬಹುದು.

ಡರ್ಬಿ ಅಜ್ಜ:
ಬಿಚ್ಚಬಹುದು ಅಲ್ಲ, ಬಿಚ್ಚಿಕೊಂಡೇ ಬರುತ್ತದೆ. ಒಂದು ಮಿಲಿಮೀಟರ್ ಚಿಲ್ಲರೆ ದಪ್ಪದ ತಗಡಿನಲ್ಲಿ ಸ್ಕ್ರೂಗೆ ಎಷ್ಟು ಹಲ್ಲು ಸಿಗುತ್ತದೆ ಹೇಳು? ಒಂದು ಸುತ್ತು. ಹುಡ್ ಎಳೆತ ದಿನವೂ ಅದರ ಮೇಲೇ. ಜೊತೆಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಅಲ್ಯೂಮಿನಿಯಂ ಜೊತೆ ಒದ್ದೆಯಲ್ಲಿ ಕೂತರೆ ಅಲ್ಯೂಮಿನಿಯಂ ಸವೆಯುತ್ತದೆ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಉಪ್ಪು ಸುರೀತಾರೆ, ಕೇಳಲೇಬೇಡ. ಎರಡೇ ವರ್ಷಕ್ಕೆ ಬಟನ್ ಸುತ್ತ ಬಿಳಿ ಪುಡಿ, ಪೇಂಟ್ ಕೆಳಗೆ ಗುಳ್ಳೆ. 3.2 ಮಿ.ಮೀ. ಅಲ್ಯೂಮಿನಿಯಂ ಪಾಪ್ ರಿವೆಟ್ ಹಾಕಿ, ಕೂರಿಸುವ ಮೊದಲು ಚೂರು ಡ್ಯೂರಲ್ಯಾಕ್ (ಲೋಹ ಸವೆಯದಂತೆ ತಡೆಯುವ ಪೇಸ್ಟ್) ಸವರಿ. ಬಿಚ್ಚಲೇಬೇಕಾದರೆ ರಿವೆಟ್ ತಲೆ ಕೊರೆದರೆ ಬರುತ್ತದೆ.

ಲೀಡ್ಸ್ ಲೋಕಿ:
ಹಾಗಾದ್ರೆ ರಿವ್‌ನಟ್ (ರಿವೆಟ್ ಥರ ತಗಡಿನಲ್ಲೇ ಕೂರುವ ನಟ್) ಹಾಕಿ ಸಣ್ಣ ಬೋಲ್ಟ್ ಬಿಗಿಯೋದು ಎಲ್ಲಕ್ಕಿಂತ ಒಳ್ಳೇದಲ್ವಾ?

ಡರ್ಬಿ ಅಜ್ಜ:
ಒಳ್ಳೇದೇ. ತೂತು ದೊಡ್ಡದಾಗುತ್ತದೆ, ಅಳತೆ ತಪ್ಪಿದರೆ ಮುಚ್ಚುವುದು ಕಷ್ಟ. ಮೂಲೆ ಬಟನ್‌ಗಳಿಗೆ ಮಾತ್ರ ಹಾಕಿದರೆ ಸಾಕು, ಎಳೆತವೆಲ್ಲ ಅಲ್ಲೇ.

ಹೊಲಿಗೆ ಹೇಮಕ್ಕ:
ನಾನು ಸ್ಲೌನಲ್ಲಿ ಕಾರ್ ಸೀಟು, ಹುಡ್ ಹೊಲಿಯುವ ಕೆಲಸ ಮಾಡುತ್ತೇನೆ. ಗಂಡಸರೆಲ್ಲ ತಗಡಿನ ಬಗ್ಗೆ ಮಾತಾಡ್ತಿದ್ದೀರಿ, ಬಟ್ಟೆ ಕಡೆ ಯಾರೂ ನೋಡಲಿಲ್ಲ.

ಕಿಟ್ಟಿ, ಬಿಸಿ ಮಾಡಿದರೆ ವಿನೈಲ್ ಬಗ್ಗುತ್ತದೆ ನಿಜ. ಆದರೆ ಒಂದೂವರೆ ಇಂಚು ಬರುವುದಿಲ್ಲ. ಅರ್ಧ ಇಂಚು ಬಂದರೆ ಪುಣ್ಯ. ಅದೂ ಅಲ್ಲದೆ ಬಲಗಡೆ ಸರಿ, ಎಡಗಡೆ ಮಾತ್ರ ಗಿಡ್ಡ ಅಂದರೆ ಅದು ಚಳಿಯ ಕೆಲಸ ಅಲ್ಲ. ಚಳಿಗೆ ಕುಗ್ಗಿದರೆ ಎರಡೂ ಕಡೆ ಕುಗ್ಗುತ್ತದೆ. ಕವರ್ ಮಧ್ಯಕ್ಕೆ ಸರಿಯಾಗಿ ಮಡಚಿ, ಅಂಚಿಗೆ ಅಂಚು ಕೂಡಿಸಿ ನೋಡಿ. ರೋಲ್ ಬಾರ್ (ಗಾಡಿ ಮಗುಚಿದರೆ ತಲೆ ಕಾಯುವ ಸೀಟಿನ ಹಿಂದಿನ ಕಂಬಿ) ಕಾಲು ಹೋಗಲು ಸೀಳು ಕೊಟ್ಟಿರುತ್ತಾರಲ್ಲ, ಆ ಎರಡು ಸೀಳೂ ಒಂದರ ಮೇಲೊಂದು ಕೂರಬೇಕು. ಕೂರದಿದ್ದರೆ ಕತ್ತರಿಸಿದವರೇ ತಪ್ಪು ಕತ್ತರಿಸಿದ್ದಾರೆ. ಮಡಚಿದ್ದು ಸರಿ ಇದ್ದರೆ ನಿಮ್ಮ ರೋಲ್ ಬಾರ್ ಒಂದು ಕಡೆ ಸರಿದಿದೆ, ಅದನ್ನೂ ಅಳೆಯಿರಿ.

ಇದನ್ನು ನೋಡುವವರೆಗೆ ಬಟ್ಟೆಗೆ ಒಂದು ಬಟನ್ ಕೂಡ ಬಡಿಯಬೇಡಿ. ತೂತು ಬಿದ್ದ ಬಟ್ಟೆ ಯಾರೂ ವಾಪಸ್ ತಗೊಳ್ಳಲ್ಲ.

ಕೊವೆಂಟ್ರಿ ಕಿಟ್ಟಿ:
ಅಕ್ಕ, ನಿಮ್ಮ ಬಾಯಿಗೆ ಸಕ್ಕರೆ! ಮಡಚಿ ನೋಡಿದೆ. ಎಡಗಡೆ ಸೀಳು ಬಲಗಡೆಗಿಂತ ಒಂದು ಇಂಚು ಒಳಗಿದೆ, ಅಂಚೂ ಗಿಡ್ಡ. ರೋಲ್ ಬಾರ್ ಅಳೆದೆ, ಎರಡೂ ಕಡೆ ಸಮ ಇದೆ. ಮಾರಿದವರಿಗೆ ಫೋನ್ ಮಾಡಿದರೆ "ಎಲ್ಲರದ್ದೂ ಹಾಗೇ ಇರುತ್ತೆ, ಬಿಸಿ ಮಾಡಿ ಎಳೀರಿ" ಅಂದರು.

ಸ್ವಿಂಡನ್ ಸುಬ್ಬಣ್ಣ:
ಎಳೀಬೇಡಿ. ಫೋಟೋ ತೆಗೆದು, ಪಕ್ಕದಲ್ಲಿ ಟೇಪ್ ಇಟ್ಟು, ಈಮೇಲ್ ಹಾಕಿ. ಬಾಯಿ ಮಾತು ಬೇಡ. ಇಲ್ಲಿ 2015ರ ಗ್ರಾಹಕ ಹಕ್ಕು ಕಾಯ್ದೆ ಇದೆ. ದೋಷ ಇರುವ ಸಾಮಾನು ಅಂತ 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ಹಣ ಕೇಳಬಹುದು.

ಲೀಡ್ಸ್ ಲೋಕಿ:
ಆನ್‌ಲೈನ್ ಖರೀದಿಗೆ 14 ದಿನ ಅಲ್ವಾ?

ಸ್ವಿಂಡನ್ ಸುಬ್ಬಣ್ಣ:
ಅದು ಬೇರೆ. 14 ದಿನದ್ದು ಸುಮ್ನೆ ಮನಸ್ಸು ಬದಲಾಯಿತು ಅಂತ ವಾಪಸ್ ಕೊಡೋಕೆ. ನಮ್ಮ ಅಳತೆಗೆ ಹೊಲಿಸಿದ ಮಾಲಿಗೆ ಅದು ಅನ್ವಯಿಸಲ್ಲ. ಆದರೆ ಮಾಲೇ ಕೆಟ್ಟಿದ್ದರೆ ಅಳತೆಗೆ ಹೊಲಿಸಿದ್ದಾದರೂ 30 ದಿನದ ಹಕ್ಕು ಇದ್ದೇ ಇದೆ. ಎರಡನ್ನೂ ಕಲಸಿ ಬರೆದರೆ ಅವರು ಅದನ್ನೇ ಹಿಡ್ಕೊಂಡು ಜಾರಿಕೊಳ್ತಾರೆ.

ಮೂಡಿಗೆರೆ ಜೀಪು:
ನಮ್ಮ ಕಡೆ ಇಷ್ಟು ಕಾಯ್ದೆ ಎಲ್ಲ ಬೇಕಾಗಿಲ್ಲ ಮಾರಾಯ್ರೆ. ಜೀಪನ್ನೇ ಕುಶನ್ ಅಂಗಡಿ ಮುಂದೆ ನಿಲ್ಲಿಸಿ ಬರೋದು. ಅವನು ಗಾಡಿ ಮೇಲೇ ಬಟ್ಟೆ ಹಾಸಿ, ಅಲ್ಲೇ ಕತ್ತರಿಸಿ, ಅಲ್ಲೇ ಹೊಲೀತಾನೆ. ಗಿಡ್ಡ ಆದರೆ ಅವನ ಕಣ್ಣೆದುರೇ ಆಗೋದು. ಮತ್ತೆ ನಮ್ಮ ಟಾಪಿಗೆ ಟಿಚ್ ಬಟನ್ ಕಡಿಮೆ, ಪಟ್ಟಿ ಬಕಲ್ ಜಾಸ್ತಿ. ಮಳೆಗೆ ಕ್ಯಾನ್ವಾಸ್ ಬಿಗಿಯಾದರೆ ಒಂದು ತೂತು ಸಡಿಲ, ಒಣಗಿದರೆ ಒಂದು ತೂತು ಬಿಗಿ. ನಿಮ್ಮ ಬಟನ್ ಅಲ್ಲಾಡಲ್ಲ, ಬಟ್ಟೆ ಅಲ್ಲಾಡುತ್ತೆ, ಅಲ್ಲಿಗೆ ಜಗಳ.

ಹೊಲಿಗೆ ಹೇಮಕ್ಕ:
ಜೀಪಿನವರು ಹೇಳಿದ್ದರಲ್ಲಿ ಹುರುಳಿದೆ. ಹುಡ್‌ನ ಎರಡು ಹಿಂದಿನ ಮೂಲೆಗೆ ಬಟನ್ ಬದಲು ಸಣ್ಣ ಪಟ್ಟಿ, ಬಕಲ್ ಹಾಕಿಸಿಕೊಂಡವರು ಇಲ್ಲೂ ಇದ್ದಾರೆ. ನೋಡಲು ಅಷ್ಟು ಚೆಂದ ಅಲ್ಲ, ಆದರೆ ಐದು ವರ್ಷ ಆದ ಮೇಲೂ ಹಾಕಲು ಬರುತ್ತದೆ.

ಬೆಂಗಳೂರು ಬೋರ:
ಗುರುಗಳೇ, ಲಂಡನ್ ಮಳೆಗೆ ಇಷ್ಟು ತಯಾರಿನಾ?

ಮೂಡಿಗೆರೆ ಜೀಪು:
ಅದನ್ನೇ ಕೇಳೋಣ ಅಂತಿದ್ದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತೆ. ಲಂಡನ್ನಿನಲ್ಲಿ ಸುಮಾರು 600. ಬೆಂಗಳೂರಿನಲ್ಲೇ ಅದಕ್ಕಿಂತ ಜಾಸ್ತಿ, 900ರ ಮೇಲೆ. ನೀವು ಮಳೆ ಅಂತ ಕರೆಯೋದು ನಮ್ಮಲ್ಲಿ ಇಬ್ಬನಿ.

ಕೊವೆಂಟ್ರಿ ಕಿಟ್ಟಿ:
ಒಪ್ಪಿದೆ ಅಣ್ಣ. ಆದರೆ ಆಗುಂಬೆ ಮಳೆ ಬರ್ತೀನಿ ಅಂತ ಹೇಳಿ ಬರುತ್ತೆ. ಇಲ್ಲಿ ಬೆಳಗ್ಗೆ ಬಿಸಿಲು ನೋಡಿ ಹೊರಟರೆ ಎಂ40 ಹೆದ್ದಾರಿ ಮೇಲೆ ಹನಿ ಶುರು, ನಿಲ್ಲಿಸಿ ಹುಡ್ ಹಾಕುವಷ್ಟರಲ್ಲಿ ಸೀಟು ನೆನೆದು, ಹಾಕಿ ಮುಗಿಸುವಷ್ಟರಲ್ಲಿ ಬಿಸಿಲು.

ಬ್ರಿಸ್ಟಲ್ ಬಸ್ಯಾ:
ಅದಕ್ಕೇ ನಾನು ಹೇಳೋದು, ಪೂರ್ತಿ ಹುಡ್ ಶುದ್ಧ ದಂಡ. ನನ್ನ ಗಾಡಿಯದ್ದು ಮಾಳಿಗೆ ಮೇಲೆ ಬಿದ್ದಿದೆ. ಡಿಕ್ಕಿ ಕವರ್ ಬೇಕೇ ಬೇಕು, ಇಲ್ಲದಿದ್ದರೆ ಚೀಲ ಹಾರುತ್ತೆ, ನಿಲ್ಲಿಸಿದಲ್ಲಿ ಕಳ್ಳರಿಗೆ ಎಲ್ಲ ಕಾಣುತ್ತೆ. ಅದರ ಮೇಲೆ ಹಾಫ್ ಹುಡ್ ಅಂತ ಸಿಗುತ್ತೆ, ವಿಂಡ್‌ಸ್ಕ್ರೀನಿನಿಂದ ರೋಲ್ ಬಾರ್‌ವರೆಗೆ ಮಾತ್ರ. ಕಮಾನು ಕಂಬಿ ಬೇಡ, ಹಿಂದಿನ ತಗಡಿಗೆ ಹೊಸ ತೂತು ಬೇಡ, ಸುತ್ತಿದರೆ ಸೀಟಿನ ಹಿಂದೆ ಕೂರುತ್ತೆ. ಓಡುವಾಗ ಮಳೆ ತಲೆ ಮೇಲಿಂದ ಹೋಗುತ್ತೆ. ನೆನೆಯೋದು ಸಿಗ್ನಲ್‌ನಲ್ಲಿ ಮಾತ್ರ.

ಡರ್ಬಿ ಅಜ್ಜ:
ನಿನಗೆ ಇಪ್ಪತ್ತೆಂಟು ವಯಸ್ಸು ಬಸ್ಯಾ, ಸಿಗ್ನಲ್‌ನಲ್ಲಿ ನೆನೆ. ಪಕ್ಕದ ಸೀಟಿನಲ್ಲಿ ರೇಷ್ಮೆ ಸೀರೆ ಉಟ್ಟುಕೊಂಡು ಯುಗಾದಿ ಕಾರ್ಯಕ್ರಮಕ್ಕೆ ಹೊರಟವರು ಇದ್ದರೆ ಆಗ ಬಂದು ಹೇಳು.

ಬ್ರಿಸ್ಟಲ್ ಬಸ್ಯಾ:
ಅಜ್ಜ, ರೇಷ್ಮೆ ಸೀರೆ ಉಟ್ಟುಕೊಂಡು ಹುಡ್ ಹಾಕಿದ ಸೆವೆನ್ ಒಳಗೆ ಹತ್ತೋದು ಹೇಗೆ? ನಾನು ಪ್ಯಾಂಟ್ ಹಾಕಿಕೊಂಡೇ ಹತ್ತೋಕೆ ಒದ್ದಾಡ್ತೀನಿ. ಮೊದಲು ಸೊಂಟ ಒಳಗೆ, ಆಮೇಲೆ ತಲೆ ಬಗ್ಗಿಸಿ, ಆಮೇಲೆ ಒಂದೊಂದೇ ಕಾಲು.

ಹೊಲಿಗೆ ಹೇಮಕ್ಕ:
ಸೀರೆ ಉಟ್ಟೂ ಹತ್ತಬಹುದು. ಸೈಡ್ ಸ್ಕ್ರೀನ್ ಕೀಲಿನಿಂದ ಮೇಲಕ್ಕೆ ಎತ್ತಿ ತೆಗೆದು, ಆ ಕಡೆಯ ಹುಡ್ ಅಂಚಿನ ಬಟನ್ ಬಿಚ್ಚಿಟ್ಟು, ಕೂತ ಮೇಲೆ ಯಾರಾದರೂ ಹೊರಗಿನಿಂದ ಹಾಕಿಕೊಡಬೇಕು. ಗಂಡ ಅನ್ನೋನು ಇರೋದು ಮತ್ಯಾಕೆ?

ಬೆಂಗಳೂರು ಬೋರ:
ನನಗೂ ಇಂಥದ್ದೊಂದು ಕಟ್ಟಬೇಕು ಅಂತ ಆಸೆ. ಬೆಂಗಳೂರಿನಲ್ಲಿ ಆಗುತ್ತಾ?

ಸ್ವಿಂಡನ್ ಸುಬ್ಬಣ್ಣ:
ಕಟ್ಟಬಹುದು, ರಿಜಿಸ್ಟ್ರೇಷನ್ ಕಷ್ಟ. ಇಲ್ಲಿ ಒಂದೇ ಒಂದು ಗಾಡಿ ಕಟ್ಟಿದವನಿಗೂ ಐವಿಎ ಅಂತ ಒಂದು ಪರೀಕ್ಷೆ ಇದೆ, 2009ರಿಂದ. ಮನೆಯಲ್ಲಿ ಕಟ್ಟಿದ ಗಾಡಿಗೆ ಅಂಥ ಸಲೀಸಾದ ದಾರಿ ನಮ್ಮಲ್ಲಿ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊರತಾಗಿ ಗಾಡಿ ಬದಲಾಯಿಸುವ ಹಾಗಿಲ್ಲ ಅಂತ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಈ ಆಕಾರದ್ದೇ ಬೇಕು ಅಂದರೆ ಹಳೇ ಚಿಂಕಾರಾ ರೋಡ್‌ಸ್ಟರ್ ಹುಡುಕು. ಅಲಿಬಾಗ್ ಕಡೆ ತಯಾರಾಗುತ್ತಿದ್ದ ಫೈಬರ್ ಬಾಡಿ ಗಾಡಿ, ಕಾಂಟೆಸ್ಸಾದಲ್ಲಿದ್ದ ಇಸುಝು 1.8 ಎಂಜಿನ್.

ಬೆಂಗಳೂರು ಬೋರ:
ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಿಎಂಟಿಸಿ ಬಸ್ಸಿನ ಪಕ್ಕ ಹುಡ್ ಇಲ್ಲದ ಕಾರ್. ಬೇಡ ಬಿಡಿ.

ಕೊವೆಂಟ್ರಿ ಕಿಟ್ಟಿ:
ಸುದ್ದಿ ಕೇಳಿ. ಫೋಟೋ, ಟೇಪ್, ಈಮೇಲ್ ಮೂರೂ ಆಯಿತು, ಹೊಸ ಡಿಕ್ಕಿ ಕವರ್ ಬಂತು. ಮಡಚಿದರೆ ಅಂಚಿಗೆ ಅಂಚು ಕೂಡುತ್ತದೆ. ಹುಡ್ ಕೂಡ ಅಜ್ಜ ಹೇಳಿದ ಹಾಗೆ ಕಂಬಿ ಹಿಂದಕ್ಕೆ ವಾಲಿಸಿದ ಮೇಲೆ ತಲುಪಿತು. ನಂದು ಒಂದೇ ಸಾಲು ಬಟನ್. ಈಗ ಕೇಳಬೇಕಾದ್ದು, ಗಂಡು ಬಟನ್ ಮೊದಲು ತಗಡಿಗಾ, ಹೆಣ್ಣು ಬಟನ್ ಮೊದಲು ಬಟ್ಟೆಗಾ?

ಹೊಲಿಗೆ ಹೇಮಕ್ಕ:
ಎರಡನ್ನೂ ಒಟ್ಟಿಗೆ, ಒಂದೊಂದೇ ಜೋಡಿ. ಮೊದಲು ಎಲ್ಲ ಬಟ್ಟೆಗೆ, ಆಮೇಲೆ ಎಲ್ಲ ತಗಡಿಗೆ ಅಂತ ಹೋಗಬೇಡಿ.

ತಗಡಿಗೆ ಗಂಡು ಬಟನ್ ರಿವೆಟ್ ಮಾಡಿ. ಅದರ ತುದಿಗೆ ನೀರಲ್ಲಿ ಕಲಸಿದ ಕುಂಕುಮ ಒಂದು ಚೂರು ಹಚ್ಚಿ. ಬೆಚ್ಚಗಿನ ಬಟ್ಟೆಯನ್ನು ಎಳೆದು, ಅದರ ಮೇಲೆ ತಂದು, ಹೆಬ್ಬೆರಳಲ್ಲಿ ಒತ್ತಿ. ಒಳಮಗ್ಗುಲಲ್ಲಿ ಕೆಂಪು ಚುಕ್ಕೆ ಬೀಳುತ್ತದೆ. ಬಟ್ಟೆ ಕಪ್ಪಿದ್ದರೂ ಒಳಗಿನ ನೇಯ್ಗೆ ಬಹಳ ಸಲ ಬಿಳಿ ಅಥವಾ ಬೂದು ಇರುತ್ತೆ, ಚೆನ್ನಾಗಿ ಕಾಣುತ್ತೆ. ಆ ಚುಕ್ಕೆಗೆ ತೂತು. ಕೆಳಗೆ ಗಟ್ಟಿ ಮರದ ತುಂಡು ಇಟ್ಟು ಪಂಚ್ ಹೊಡೆಯಿರಿ. ಮೇಲಿನಿಂದ ಟೊಪ್ಪಿ, ಕೆಳಗಿನಿಂದ ಹೆಣ್ಣು ಬಟನ್, ಅಚ್ಚಿನ ಮೇಲೆ ಇಟ್ಟು ಹಗುರವಾಗಿ ಎರಡು ಮೂರು ಏಟು. ಒಂದೇ ಜೋರು ಏಟು ಕೊಟ್ಟರೆ ಟೊಪ್ಪಿ ಚಪ್ಪಟೆಯಾಗಿ ಬಟನ್ ಕಚ್ಚುವುದೇ ಇಲ್ಲ. ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ, ತಿರುಗಬಾರದು. ಆಮೇಲೆ ಮುಂದಿನದು.

ಬಟನ್ ಬೀಳುವ ಅಂಚು ಎರಡು ಪದರ ಇದೆಯಾ ನೋಡಿಕೊಳ್ಳಿ. ಒಂದೇ ಪದರ ಇದ್ದರೆ ಒಳಗಡೆ ಗಟ್ಟಿ ಪಟ್ಟಿ ಹೊಲಿಸಿ, ಇಲ್ಲದಿದ್ದರೆ ಮೊದಲ ಚಳಿಗಾಲಕ್ಕೇ ಹರಿಯುತ್ತದೆ.

ಲೀಡ್ಸ್ ಲೋಕಿ:
ಕುಂಕುಮ! ನಮ್ಮಮ್ಮನಿಗೆ ಗೊತ್ತಾದರೆ ಕಾರಿಗೇ ಆರತಿ ಎತ್ತುತ್ತಾಳೆ.

ಡರ್ಬಿ ಅಜ್ಜ:
ಫೈಬರ್ ಮಡ್‌ಗಾರ್ಡಿಗೆ ಬಟನ್ ಬೀಳುವುದಿದ್ದರೆ ಟೇಪ್ ಮೇಲೆ ನಿಧಾನವಾಗಿ ಕೊರೆಯಿರಿ. ತೂತಿನ ಬಾಯಿ ಸ್ವಲ್ಪ ಅಗಲ ಮಾಡಿ, ಇಲ್ಲದಿದ್ದರೆ ಮೇಲಿನ ಹೊಳಪು ಪದರ ನಕ್ಷತ್ರದ ಹಾಗೆ ಬಿರಿಯುತ್ತದೆ. ರಿವೆಟ್ ಹಿಂದೆ ವಾಷರ್ ಕಡ್ಡಾಯ.

ಬ್ರಿಸ್ಟಲ್ ಬಸ್ಯಾ:
ಡಿಕ್ಕಿ ಕವರ್ ನಡುವೆ ನೀರು ನಿಲ್ಲುತ್ತೆ, ಅದನ್ನ ಯಾರೂ ಹೇಳಲಿಲ್ಲ. ಒಂದು ರಾತ್ರಿ ಮಳೆಗೆ ಕೆರೆ ಆಗುತ್ತೆ, ಆಮೇಲೆ ಹೊಲಿಗೆಯಿಂದ ಒಳಗೆ ಜಿನುಗುತ್ತೆ. ಒಳಗಡೆ ಒಂದು ಫುಟ್‌ಬಾಲ್ ಇಟ್ಟರೆ ನಡು ಎತ್ತರವಾಗಿ ನೀರು ಹರಿದು ಹೋಗುತ್ತೆ. ಮತ್ತೆ ರೋಲ್ ಬಾರ್ ಕೆಳಗೆ ನಡುವಿನ ಬ್ರೇಕ್ ಲೈಟ್ ಇದ್ದರೆ ಕವರ್ ಮುಚ್ಚದ ಹಾಗೆ ನೋಡಿ.

ಮೂಡಿಗೆರೆ ಜೀಪು:
ಹೊಲಿಗೆ ಜಿನುಗಿದರೆ ಒಳಗಿನಿಂದ ಜೇನುಮೇಣ ಉಜ್ಜಿ, ಹೇರ್ ಡ್ರೈಯರ್ ತೋರಿಸಿ. ನಮ್ಮಲ್ಲಿ ಮೇ ಕೊನೆಗೆ ಇದೊಂದು ಕೆಲಸ. ಮತ್ತೆ ಒದ್ದೆ ಟಾಪ್ ಮಡಚಿ ಇಡಬೇಡಿ, ಬೂಷ್ಟು ಬರುತ್ತೆ.

ಹೊಲಿಗೆ ಹೇಮಕ್ಕ:
ಚಳಿಯಲ್ಲಿ ಮಡಚಲೂಬೇಡಿ, ಪ್ಲಾಸ್ಟಿಕ್ ಕಿಟಕಿ ಗೆರೆಗೆ ಸರಿಯಾಗಿ ಸೀಳುತ್ತದೆ. ಸುತ್ತಿ ಇಡಿ, ನಡುವೆ ಹಳೇ ಪಂಚೆ ಹಾಕಿ. ಕಿಟಕಿಗೆ ಮನೆಯ ಗಾಜು ಒರೆಸುವ ಸ್ಪ್ರೇ ಹೊಡೆಯಬೇಡಿ, ಮಬ್ಬಾಗುತ್ತೆ.

ಕೊವೆಂಟ್ರಿ ಕಿಟ್ಟಿ:
ಎಲ್ಲ ಬಟನ್ ಕೂತಿತು! ಎಡ ಮೂಲೆಯಲ್ಲಿ ಒಂದು ಸಣ್ಣ ಸುಕ್ಕು ಉಳಿದಿದೆ, ಇರಲಿ. ಹುಡ್ ಹಾಕಿಕೊಂಡು ವಾರಿಕ್‌ವರೆಗೆ ಹೋಗಿಬಂದೆ. ಗಾಜೆಲ್ಲ ಒಳಗಿನಿಂದ ಮಂಜು ಹಿಡಿಯುತ್ತೆ. ಮತ್ತೆ ಬಿಚ್ಚುವಾಗ ಬಟನ್ ಎಷ್ಟು ಗಟ್ಟಿ ಅಂದರೆ ಬಟ್ಟೆಯೇ ಹರಿಯುತ್ತೇನೋ ಅನ್ನಿಸುತ್ತೆ.

ಲೀಡ್ಸ್ ಲೋಕಿ:
ಮಂಜಿಗೆ ಗಾಜಿನ ಒಳಮೈಗೆ ಶೇವಿಂಗ್ ಫೋಮ್ ಸವರಿ ಪೂರ್ತಿ ಒರೆಸಿಬಿಡಿ. ಗಾಜಿಗೆ ಮಾತ್ರ, ಪ್ಲಾಸ್ಟಿಕ್‌ಗೆ ಬೇಡ.

ಹೊಲಿಗೆ ಹೇಮಕ್ಕ:
ಬಟ್ಟೆ ಹಿಡಿದು ಎಳೆಯಬೇಡಿ. ಬಟನ್ ಪಕ್ಕಕ್ಕೇ ಚಮಚದ ಹಿಡಿಕೆ ತೂರಿಸಿ ಮೇಲೆತ್ತಿ. ಗಂಡು ಬಟನ್‌ಗೆಲ್ಲ ಚೂರು ವ್ಯಾಸಲೀನ್ ಹಚ್ಚಿ, ಹೆಚ್ಚಾದದ್ದು ಒರೆಸಿ.

ಬೆಂಗಳೂರು ಬೋರ:
ಜೀಪಣ್ಣ, ಆ ಕುಶನ್ ಅಂಗಡಿ ಮೂಡಿಗೆರೆಯಲ್ಲಿ ಎಲ್ಲಿ ಬರುತ್ತೆ? ನಮ್ಮ ಮಾವನ ಹಳೇ ಮಹೀಂದ್ರಾ ಎಂಎಂ540 ಜೀಪಿನ ಟಾಪ್ ಹೊಲಿಸಬೇಕಿತ್ತು.

ಮೂಡಿಗೆರೆ ಜೀಪು:
ಮೆಸೇಜ್ ಮಾಡಿ, ಹೇಳ್ತೇನೆ. ಮಳೆಗಾಲ ಶುರುವಾಗುವ ಮೊದಲೇ ಬನ್ನಿ, ಆಮೇಲೆ ಅವನ ಅಂಗಡಿ ಮುಂದೆ ಜೀಪು ನಿಲ್ಲಿಸಲು ಜಾಗ ಇರಲ್ಲ.